ಬಿರುಕಿನ ಮೇಲಿನ ಗಾಜು

ಸೋಮವಾರ ಬಂತೆಂದರೆ ಸರ್ವಮಂಗಳೆಯ ಎದೆ ಡವಡವ ಎನ್ನುತ್ತಿತ್ತು.

ಅರವತ್ತೆರಡನೆಯ ಇಸವಿ. ಯಡಿಯೂರಿನಲ್ಲಿ ಅವಳು ಪಾಠ ಹೇಳುವ ಶಾಲೆಯ ಗೋಡೆ ಬಿರಿದಿತ್ತು. ಓವರ್‌ಸಿಯರ್ ಜಯದೇವಪ್ಪ ಬಿರುಕಿಗೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಗಾರೆಯಲ್ಲಿ ಅಂಟಿಸಿದ್ದ.

"ಗೋಡೆ ಅಲುಗಿದರೆ ಇದು ಒಡೆಯುತ್ತೆ ಮೇಡಂ. ಒಡೆದರೆ ರಿಪೇರಿಗೆ ದುಡ್ಡು ಮಂಜೂರು. ಇಲ್ಲದಿದ್ದರೆ ಸುಣ್ಣ ಬಳಿದು ಮುಗಿಸ್ತಾರೆ."

ಪ್ರತಿ ಸೋಮವಾರ ಸೈಕಲ್ಲಿನಲ್ಲಿ ಬಂದು ಗಾಜು ನೋಡುತ್ತಿದ್ದ. ಅದನ್ನು ನೋಡುವುದು ಒಂದು ಚಣ. ಆಮೇಲೆ ಕರಿಹಲಗೆಯ ಕಡೆಗೇ ಕಣ್ಣು. ಹಲಗೆಯ ಪಕ್ಕ ನಿಂತವಳಿಗೆ ಕಿವಿ ಬಿಸಿಯಾಗುತ್ತಿತ್ತು.

"ಗೋಡೆ ನೋಡಕ್ಕೆ ಇಸ್ತ್ರಿ ಅಂಗಿ ಯಾಕವ್ವಾ?" ಎಂದು ಆಯಾ ಸೊಣ್ಣಮ್ಮ ಛೇಡಿಸುತ್ತಿದ್ದಳು.

ಸಂಜೆ ಶಿವನ ಮುಂದೆ ಕೂತರೆ ಸರ್ವಮಂಗಳೆಗೆ ಬೇಡುವ ಮಾತೇ ಹೊರಡುತ್ತಿರಲಿಲ್ಲ. ಗಾಜು ಉಳಿದರೆ ಅವನು ಬರುವುದು ನಿಲ್ಲುತ್ತದೆ. ಒಡೆದರೆ, ಶಿವನೇ, ಮಕ್ಕಳ ಗತಿ? ವಿಭೂತಿ ಹಚ್ಚಿಕೊಂಡು ಸುಮ್ಮನೆ ಏಳುತ್ತಿದ್ದಳು.

"ಬರೋ ವಾರ ಕೊನೇ ಸಲ ಮೇಡಂ," ಎಂದ ಜಯದೇವಪ್ಪ ಒಂದು ದಿನ. "ಆಮೇಲೆ ನನಗೆ ಇಲ್ಲಿ ಕೆಲಸ ಇರಲ್ಲ."

ಆ ವಾರವೇ ದೊಡ್ಡ ಮಳೆ ಬಂತು. ಬೆಳಿಗ್ಗೆ ಬಾಗಿಲು ತೆರೆದರೆ ಗಾಜು ಎರಡು ತುಂಡು! ಅವನು ಇನ್ನೂ ಬರುತ್ತಿರುತ್ತಾನೆ ಎಂದು ಅವಳ ಮನಸ್ಸು ಹಿಗ್ಗಿತು. ಮರುಗಳಿಗೆಯೇ ನಾಚಿಕೆಯಿಂದ ಮೈ ತಣ್ಣಗಾಯಿತು. ಮಕ್ಕಳನ್ನೆಲ್ಲ ಹೊಂಗೆಮರದಡಿಗೆ ಓಡಿಸಿ, ಅವನಿಗೆ ಹೇಳಿಕಳಿಸಿದಳು.

ಬೆವರುತ್ತ ಬಂದವನು ಗಾಜು ನೋಡಿ ಮೆಲ್ಲಗೆ ಕೇಳಿದ: "ನೀವೇ ಒಡೆದ್ರಾ?"

ಅವಳ ಕಣ್ಣು ತುಂಬಿತು. "ಮಕ್ಕಳು ಕೂರೋ ಜಾಗ ಸಾರ್ ಇದು. ನಾನು ನಾಟಕ ಆಡ್ತೀನಾ?"

ಅವನು ತುಂಡುಗಳ ನಡುವೆ ಕಾಸೊಂದನ್ನು ಇಳಿಸಿದ. ಅದು ಸಲೀಸಾಗಿ ತೂರಿತು. ಕೈಯಿಂದ ಒಡೆದಿದ್ದರೆ ತುಂಡುಗಳು ಹೀಗೆ ದೂರ ಸರಿಯುತ್ತಿರಲಿಲ್ಲ. ಅವನ ಮುಖ ಬಿಳಿಚಿತು.

"ಗೋಡೆನೇ ಜರುಗಿದೆ. ತಪ್ಪು ತಿಳೀಬೇಡಿ. ಅನುಮಾನದಿಂದ ಕೇಳಲಿಲ್ಲ, ಆಸೆಯಿಂದ ಕೇಳಿದೆ."

"ಆಸೆಯಿಂದಲಾ?"

"ನಾನು ಬರಲಿ ಅಂತ ನೀವೇ ಒಡೆದಿರಬಾರದೇ ಅಂತ."

ಅಳುವ ನಡುವೆ ಅವಳಿಗೆ ನಗು ಬಂತು. "ಒಡೆಯಲಿಲ್ಲ. ಒಡೆದದ್ದು ಕಂಡು ಒಂದು ಗಳಿಗೆ ಹಿಗ್ಗಿದೆ. ಆ ಪಾಪ ನನ್ನ ತಲೆ ಮೇಲಿದೆ."

"ಅರ್ಧ ನನಗೆ ಕೊಡಿ."

"ಮೊದಲು ಗೋಡೆ ಎಬ್ಬಿಸಿ. ಮಕ್ಕಳು ಒಳಗೆ ಕೂತ ದಿನ ಸಂಜೆ ಮನೆಗೆ ಬಂದು ನಮ್ಮ ತಂದೆಯವರನ್ನ ಕೇಳಿ."

ಹೊಂಗೆಮರದಡಿ ಮಕ್ಕಳು ಮಗ್ಗಿ ಕೂಗುತ್ತಿದ್ದರು. ಅವಳು ಅತ್ತ ನಡೆಯುತ್ತ ಒಮ್ಮೆ ತಿರುಗಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಬಾಗಿಲಿಗೆ ಅಡ್ಡ ಹಗ್ಗ ಬಿಗಿದು, ಅಷ್ಟು ದಿನದಲ್ಲಿ ಮೊದಲ ಬಾರಿಗೆ, ಗೋಡೆಯನ್ನೇ ನೋಡುತ್ತ ನಿಂತಿದ್ದ.