ಒದ್ದೆ ರಾಜನ ಚೌಕ

ಬಹಳ ಕಾಲದ ಹಿಂದೆ, ಕಡವೆಗಿರಿ ಎಂಬ ರಾಜ್ಯವಿತ್ತು. ಅದರ ರಾಜ ಮೇರುಧ್ವಜನಿಗೆ ಒಂದು ಮಾಟ ತಗುಲಿತ್ತು. ಒಂದು ದಿನ ಸ್ನಾನ ಮಾಡಿದ ನೀರು ಅವನ ಮೈಯಿಂದ ಆರಲೇ ಇಲ್ಲ. ಆರು ತಿಂಗಳು ಕಳೆದರೂ ಆರಲಿಲ್ಲ. ಬೆರಳ ಸಂದಿಯಲ್ಲಿ ಪಾಚಿ ಬೆಳೆಯಿತು. ಬೆನ್ನು ಹುಣ್ಣಾಯಿತು.

ಮಾಟ ಮಾಡಿದವನು ಆಸ್ಥಾನದ ವೈದ್ಯ ಪಾಚಿಕಂಠ. ರಾಜನ ಮೈಯಿಂದ ತೊಟ್ಟಿಕ್ಕುವ ನೀರನ್ನು ಅವನು ಬಟ್ಟಲಲ್ಲಿ ಹಿಡಿದು ಕುಡಿಯುತ್ತಿದ್ದ. ಇಂಥ ಮಾಟದ ನೀರು ಕುಡಿದೇ ಅವನು ಊರೂರು ಬದಲಿಸುತ್ತ ಮುನ್ನೂರು ವರ್ಷದಿಂದ ಮುಪ್ಪಿಲ್ಲದೆ ಬದುಕಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ.

"ದೋಷ ಬಟ್ಟೆಯದು. ನೇಕಾರರು ದ್ರೋಹಿಗಳು," ಎಂದು ಅವನು ರಾಜನಿಗೆ ಹೇಳಿದ. ಅಂದಿನಿಂದ ದಿನಕ್ಕೊಬ್ಬ ನೇಕಾರ ಮೈ ಒರೆಸುವ ಹೊಸ ಚೌಕ ತರಬೇಕಾಯಿತು. ರಾಜನ ಮೈ ಒಣಗದಿದ್ದರೆ ಪಾಚಿಕಂಠ ಶಿಕ್ಷೆಯೆಂದು ಆ ನೇಕಾರನನ್ನು ಕೊಕ್ಕರೆ ಮಾಡಿ ಅರಮನೆಯ ಕೆರೆಗೆ ಬಿಡುತ್ತಿದ್ದ. ಚೌಕವನ್ನು ಸುಡುತ್ತಿದ್ದರು. ರಾಜನ ಮೈ ಮುಟ್ಟಿದ ಬಟ್ಟೆ ಎರಡನೇ ಸಲ ಮುಟ್ಟಬಾರದು. ಅದು ಆ ಮನೆತನದ ಪದ್ಧತಿ.

ಕೊನೆಗೆ ನೇಕಾರ ದ್ಯಾವಣ್ಣನೂ ಕೊಕ್ಕರೆಯಾದ. ಮಾರನೆಯ ಬೆಳಿಗ್ಗೆ ಅವನ ಮಗಳು ಬನವ್ವ ರಾಜನೆದುರು ನಿಂತಳು.

"ನಿಮ್ಮ ಮೈ ನಾನು ಒಣಗಿಸುತ್ತೇನೆ. ನನ್ನಪ್ಪನನ್ನು ಬಿಡಬೇಕು. ಮೂರು ದಿನ ಕೊಡಿ."

"ಎಲ್ಲರಿಗೂ ಒಂದೇ ದಿನ," ಎಂದ ಪಾಚಿಕಂಠ.

"ಮಗ್ಗಕ್ಕೆ ಕೂರುವವಳು ಊರಲ್ಲಿ ನಾನೊಬ್ಬಳೇ ಉಳಿದಿದ್ದೇನೆ ವೈದ್ಯರೇ. ನನ್ನನ್ನೂ ಹಾರಿಸಿಬಿಟ್ಟರೆ ನಾಳೆ ರಾಜರನ್ನು ಏತರಿಂದ ಒರೆಸುತ್ತೀರಿ? ಬಾಳೆಲೆಯಿಂದಲೋ?"

ರಾಜ ಬೆನ್ನು ಕೆರೆಯುತ್ತ, "ಕೊಡಿ ಮೂರು ದಿನ," ಎಂದ.

ಪಾಚಿಕಂಠ ಅವಳನ್ನು ಉಗ್ರಾಣಕ್ಕೆ ಕರೆದೊಯ್ದ. ಅಲ್ಲಿ ಬಳಸದೆ ಬಿದ್ದ ಬಟ್ಟೆಯ ಆಳೆತ್ತರದ ರಾಶಿ ಇತ್ತು. "ಇದರಲ್ಲೇ ಒಂದನ್ನು ಆರಿಸು," ಎಂದ.

ಬನವ್ವ ಒಂದು ಲೋಟ ನೀರು ತರಿಸಿದಳು. ಜರಿಯ ರೇಷ್ಮೆಯ ಮೇಲೆ ಒಂದು ಹನಿ ಬಿಟ್ಟಳು. ಹನಿ ಉರುಳಿಹೋಯಿತು. ಕುರಿಯ ತುಪ್ಪಳದಷ್ಟು ದಪ್ಪದ ಚೌಕದ ಮೇಲೆ ಬಿಟ್ಟಳು. ಹನಿ ಕೂತಲ್ಲೇ ಕೂತಿತು. ಅಡಿಯಲ್ಲಿ ಅಂಚಿಲ್ಲದ ಬಿಳಿ ಹತ್ತಿಯ ಚೌಕವೊಂದಿತ್ತು. ಅಂಚಿಲ್ಲವೆಂದು ಅದನ್ನು ರಾಜನ ಬಳಿಗೆ ಬಿಟ್ಟಿರಲಿಲ್ಲ. ಅದು ಅಪ್ಪನ ಕೈಯ ನೇಯ್ಗೆ. ಇಪ್ಪತ್ತು ಎಣಿಸುವಷ್ಟರಲ್ಲಿ ಹನಿ ನಿಧಾನವಾಗಿ ಇಳಿಯಿತು.

"ಇದು," ಎಂದಳು.

ರಾಜನನ್ನು ಒರೆಸಿದರು. ಮೈ ಒಣಗಲಿಲ್ಲ. ಊಳಿಗದ ಮುದುಕ ಚೌಕವನ್ನು ಬೆಂಕಿಗೆ ಒಯ್ದ. ಬನವ್ವ ಕಿತ್ತುಕೊಂಡಳು.

"ಅಯ್ಯೋ, ಒರೆಸಿದ ಬಟ್ಟೆ! ಮೈಲಿಗೆ!"

"ನಿಮ್ಮನೇಲಿ ದಿನಾ ಹೊಸದು ತರ್ತೀರಾ ತಾತ?"

ಮುದುಕ ಆಚೀಚೆ ನೋಡಿ ದನಿ ಇಳಿಸಿದ. "ನಮ್ಮನೇಲಿ ಆರು ಜನಕ್ಕೆ ಒಂದೇ."

"ಹೊಸ ನೂಲಲ್ಲಿ ಗಂಜಿ ಇರುತ್ತದೆ. ಅದು ಹೋಗುವವರೆಗೆ ಬಟ್ಟೆ ನೀರು ಕುಡಿಯುವುದಿಲ್ಲ. ಈ ಅರಮನೆಯಲ್ಲಿ ಒಂದು ಚೌಕವೂ ಒಗೆತ ಕಂಡಿಲ್ಲ."

ಅವಳು ಕೆರೆಗೆ ಹೋದಳು. ಕತ್ತು ಓರೆಯಾದ ಕೊಕ್ಕರೆಯೊಂದು ಹತ್ತಿರ ಬಂದು ಅವಳ ಅಂಗೈಯಲ್ಲಿ ಕೊಕ್ಕಿಟ್ಟಿತು. ದ್ಯಾವಣ್ಣ ಮಗ್ಗದಲ್ಲಿ ಕೂರುತ್ತಿದ್ದುದೂ ಹಾಗೇ, ಕತ್ತು ಓರೆ ಮಾಡಿ.

"ಇನ್ನೆರಡು ದಿನ, ಅಪ್ಪ."

ಅಂಟುವಾಳದ ನೊರೆಯಲ್ಲಿ ಅವಳು ಚೌಕ ಒಗೆದಳು. ಅಷ್ಟರಲ್ಲಿ ಪಾಚಿಕಂಠ ಮಾಟ ಮಾಡಿ ಮಂಜಿನ ಹುಲಿಯೊಂದನ್ನು ಬಿಟ್ಟ. ಅದು ಅಂಗಳದಲ್ಲಿ ಮಲಗಿ ಉಸಿರು ಬಿಟ್ಟಿತು. ಬಿಸಿಲು ಮಾಯವಾಯಿತು. ಹಗ್ಗಕ್ಕೆ ಹಾಕಿದ್ದೆಲ್ಲ ತೊಯ್ದಿತು. ಬನವ್ವ ಬಚ್ಚಲ ಹಂಡೆಯ ಒಲೆಯ ಹಿಂದೆ ಬೆಚ್ಚನೆಯ ಗೋಡೆಗೆ ಚೌಕ ಹರಡಿದಳು. ಹುಲಿ ಒಲೆಯ ಬಾಯಿಯವರೆಗೆ ಬಂದು ಆವಿಯಾಯಿತು.

ಎರಡನೆಯ ದಿನ ರಾಜನ ಮೈ ಸೊಂಟದವರೆಗೆ ಒಣಗಿತು. ಅವಳು ಮತ್ತೆ ಒಗೆದು ಒಣಗಿಸಿದಳು.

ಮೂರನೆಯ ಬೆಳಿಗ್ಗೆ ಕೆರೆಯಲ್ಲಿ ಓರೆ ಕತ್ತಿನ ಕೊಕ್ಕರೆ ಕಾಣಲಿಲ್ಲ. ಆಚೆ ದಡದಲ್ಲಿರಬಹುದು ಎಂದುಕೊಂಡಳು. ಹಿಂದಿರುಗಿದಾಗ ಚೌಕ ಎರಡು ತುಂಡಾಗಿತ್ತು. ಪಾಚಿಕಂಠ ಉಗುರಿನ ನೂಲು ಬಿಡಿಸುತ್ತ ನಿಂತಿದ್ದ.

"ಹರಿದ ಬಟ್ಟೆಯಲ್ಲಿ ರಾಜರನ್ನು ಒರೆಸುತ್ತೀಯೇನೇ?"

"ಹರಿದರೆ ಎರಡಾಯಿತು," ಎಂದಳು. ಎಳೆ ಬಿಡದಂತೆ ಎರಡಕ್ಕೂ ಅಂಚು ಮಡಚಿ ಹೊಲಿದಳು. ಒಂದನ್ನು ತಲೆಗೆ ಇಟ್ಟಳು, ಒಂದನ್ನು ಮೈಗೆ.

ರಾಜ ಒಣಗಿದ. ಕಾಲಿನ ಕಿರುಬೆರಳವರೆಗೂ ಒಣಗಿದ. ಪಾಚಿಕಂಠ ಬಟ್ಟಲು ಎತ್ತಿ ನೆಕ್ಕಿದ. ಹನಿ ಇರಲಿಲ್ಲ. ಮುನ್ನೂರು ವರ್ಷದ ಮುಪ್ಪು ಒಟ್ಟಿಗೆ ಬಂತು. ಅವನು ಒಣ ಪಾಚಿಯ ಚಕ್ಕೆಯಾಗಿ ನೆಲಕ್ಕೆ ಬಿದ್ದ. ಮುದುಕ ಅದನ್ನು ಗುಡಿಸಿ ಹಾಕಿದ.

ಬನವ್ವ ಕೆರೆಗೆ ಓಡಿದಳು. ನೇಕಾರರು ಒಬ್ಬೊಬ್ಬರಾಗಿ ನೀರಿನಿಂದ ಏಳುತ್ತಿದ್ದರು. ಹನ್ನೊಂದು ಮಂದಿ. ಅಪ್ಪ ಇರಲಿಲ್ಲ. ಇನ್ನೂ ಎಷ್ಟೋ ಮಂದಿ ಇರಲಿಲ್ಲ.

ದಡದಿಂದ ಅರಮನೆಯ ಅಡಿಗೆಮನೆಯವರೆಗೆ ಬಿಳಿ ಗರಿಗಳು ಬಿದ್ದಿದ್ದವು. ಅವಳು ಅಡಿಗೆಯವನ ಬಳಿ ಬಂದಳು. "ಉಳಿದ ಕೊಕ್ಕರೆಗಳೆಲ್ಲಿ?"

ಅವನು ಸೌಟು ಕೆಳಗಿಟ್ಟ. "ಕೊಕ್ಕರೆಯ ಸಾರು ರಾಜರ ಮೈಯ ನೀರು ಹೀರುತ್ತದೆ ಅಂದಿದ್ದರು ವೈದ್ಯರು. ದಿನಕ್ಕೊಂದು. ಇವು ನೇಕಾರರಲ್ಲ, ಬರೀ ಹಕ್ಕಿ ಅಂದರು, ನಂಬಿದೆವು ತಾಯಿ."

"ನಿನ್ನೆಯದು?"

"ಕತ್ತು ಓರೆ ಇತ್ತು. ಅಟ್ಟಿಸಿಕೊಂಡು ಹೋಗಬೇಕಾಗಲಿಲ್ಲ. ಕೈ ಚಾಚಿದೆ, ತಾನಾಗೇ ಬಂತು."

ಬಾಗಿಲಲ್ಲಿ ರಾಜ ನಿಂತಿದ್ದ. ಒಣಗಿದ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಆಮೇಲೆ ಕೈ ತೆಗೆದ.

"ಇದನ್ನು ಊರಲ್ಲಿ ಹೇಳಬೇಡ. ಏನು ಬೇಕೋ ಕೇಳು."

"ಮೂರು ದಿನ ನಾನೇ ಕೇಳಿದ್ದೆ," ಎಂದಳು ಬನವ್ವ. "ಇನ್ನೇನೂ ಕೇಳುವುದಿಲ್ಲ."

ಚೌಕದ ಒಂದು ತುಂಡನ್ನು ಹೆಗಲಿಗೆ ಹಾಕಿಕೊಂಡು ಹೊರಟಳು. ಇನ್ನೊಂದನ್ನು ರಾಜ ಚಿನ್ನದ ಪೆಟ್ಟಿಗೆಯಲ್ಲಿಟ್ಟು ಪೂಜೆಗೆ ಕೂರಿಸಿದ. ಬಟ್ಟೆ ಸುಡಬಾರದು, ಒಗೆದು ಬಳಸಬೇಕು ಎಂದು ಡಂಗುರ ಸಾರಿಸಿದ. ರಾಜರು ಎಂಥ ವಿದ್ಯೆ ಕಂಡುಹಿಡಿದರು ಎಂದು ಜನ ಹೊಗಳಿದರು.

ಬನವ್ವ ತನ್ನ ತುಂಡಿನಿಂದ ದಿನಾ ಮೈ ಒರೆಸಿಕೊಂಡಳು. ಒಗೆದಷ್ಟೂ ಅದು ಮೆತ್ತಗಾಯಿತು. ಸವೆದ ಮೇಲೆ ಕೈಬಟ್ಟೆಯಾಯಿತು, ಆಮೇಲೆ ಒಲೆಯ ಮಸಿಬಟ್ಟೆಯಾಯಿತು. ಒಂದು ದಿನ ಹಿಂಡುವಾಗ ಎಳೆ ಎಳೆಯಾಗಿ ನೀರಲ್ಲಿ ಹೋಯಿತು. ಅವಳು ಮತ್ತೆ ಮಗ್ಗಕ್ಕೆ ಕೂರಲಿಲ್ಲ.

ಕಡವೆಗಿರಿಯಲ್ಲಿ ಉಳಿದವರೆಲ್ಲ ಸುಖವಾಗಿದ್ದರು.