ಹಬ್ಬಕ್ಕೆ ಹೊಳೆಸಿದ ಡಿಸ್ಕು

“ನಿನ್ನ ತಮ್ಮ ಮಾಡಿರೋ ಕೆಲಸ ನೋಡು, ವನಜಾ!”

ಅಂದೇಬಿಟ್ಟ ಅನಿಲ್. ಪಾವಗಡ ರಸ್ತೆಯ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂದಿತ್ತು. ಎಷ್ಟು ಬ್ರೇಕ್ ಹಿಡಿದರೂ ಅವನ ದೊಡ್ಡ ಟೂರಿಂಗ್ ಬೈಕು ನಿಲ್ಲದೆ ಬೇಲಿಗೆ ನುಗ್ಗಿತ್ತು. ಪುಣ್ಯಕ್ಕೆ ಕುರಿಗಳಿಗೇನೂ ಆಗಲಿಲ್ಲ. ಹಿಂದೆ ಕೂತಿದ್ದ ವನಜಾಕ್ಷಿಯ ಮೊಣಕೈ ಮಾತ್ರ ತರಚಿತ್ತು.

ಮುಂದಿನ ವಾರ ಇಬ್ಬರ ನಿಶ್ಚಿತಾರ್ಥ. ಅವಳು ಅವನ ಗಾಡಿ ಹತ್ತಿದ್ದು ಇದೇ ಮೊದಲು. ಇದೇ ಗಾಡಿಯಲ್ಲಿ ಲಡಾಖ್ ಸುತ್ತಿ ಬಂದೆ ಅಂತ ಮಧುಗಿರಿಯಿಂದ ಜಂಭ ಕೊಚ್ಚಿಕೊಂಡೇ ಬಂದಿದ್ದ ಮಹರಾಯ. ಬ್ರೇಕ್ ಯಾಕೆ ಹಿಡಿಯಲಿಲ್ಲವೋ ‘ಗೊತ್ತಿಲ್ಲ’ ಅನ್ನೋ ಮಾತು ಆ ಬಾಯಲ್ಲಿ ಹೇಗೆ ಬಂದೀತು? ಹಬ್ಬಕ್ಕೆ ಮುಂಚೆ ಗಾಡಿ ಸರ್ವೀಸ್ ಮಾಡಿದ್ದ ಚಿಕ್ಕರಾಜುವಿನ ಮೇಲೆ ಹಾಕಿಬಿಟ್ಟ.

ವನಜಾಕ್ಷಿ ಅಲ್ಲೇ ತಮ್ಮನಿಗೆ ಫೋನ್ ಹಚ್ಚಿದಳು. “ಲೇ ರಾಜು, ಏನ್ಲಾ ಮಾಡಿಟ್ಟಿದೀಯ? ಬ್ರೇಕೇ ಹಿಡೀಲಿಲ್ಲ, ಪ್ರಾಣ ಹೋಗ್ತಿತ್ತು ಕಣ್ಲಾ!”

ಚಿಕ್ಕರಾಜು ಮಧುಗಿರಿಯ ತನ್ನ ಗ್ಯಾರೇಜಿಗೆ ಬಾಗಿಲು ಹಾಕಿ, ಹೊಸ ಬ್ರೇಕ್ ಪ್ಯಾಡು ತಗೊಂಡು ಓಡಿ ಬಂದ. ಬೇಲಿ ಪಕ್ಕ ಕುಕ್ಕರಗಾಲಲ್ಲಿ ಕೂತು ಹಳೆಯ ಪ್ಯಾಡು ಬಿಚ್ಚಿದ. ಅನಿಲ್ ಬಗ್ಗಿ ನೋಡಿದ. ಮೂಗಿಗೆ ಬಡಿಯಿತು ಕೊಬ್ಬರಿ ಎಣ್ಣೆಯ ವಾಸನೆ.

ಅಯ್ಯೋ, ನನ್ನ ಬುದ್ಧಿಗಿಷ್ಟು! ಆಯುಧಪೂಜೆಯ ಬೆಳಿಗ್ಗೆ ಗಾಡಿಯೆಲ್ಲ ಫಳಫಳ ಹೊಳೆಯುತ್ತಿತ್ತು, ಚಕ್ರದ ಬ್ರೇಕ್ ಡಿಸ್ಕ್ ಒಂದು ಮಂಕಾಗಿತ್ತು. ಬಟ್ಟೆಗೆ ಕೊಬ್ಬರಿ ಎಣ್ಣೆ ಹಾಕಿ ಅದನ್ನು ತಿಕ್ಕಿದ್ದವನು ಅನಿಲ್ ತಾನೇ. ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದ.

ಚಿಕ್ಕರಾಜು ತಲೆಯೆತ್ತಿ ಅವನನ್ನೇ ಒಂದು ಸಲ ನೋಡಿದ. ಅವನಿಗೂ ವಾಸನೆ ಸಿಕ್ಕಿತ್ತು. ಆದರೂ ಅಕ್ಕನ ಕಡೆ ತಿರುಗಿ, “ನನ್ ಕೈಯಿಂದ್ಲೇ ಗ್ರೀಸ್ ಬಿದ್ದೈತೆ ಕಣಕ್ಕ. ತಪ್ಪಾಯ್ತು,” ಅಂದ.

“ತಪ್ಪಾಯ್ತು ಅಂದ್ರೆ ಸರಿಹೋಯ್ತಾ? ಇನ್ಮೇಲೆ ಇವ್ರ ಗಾಡಿ ಮುಟ್ಬೇಡ!”

ಹುಡುಗ ತಲೆ ತಗ್ಗಿಸಿದ. ಅನಿಲ್‌ನ ಮೈ ಹಿಡಿಯಾಯಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ ಈ ಹುಡುಗಿ ಕೈತಪ್ಪಬಹುದು.

“ಸಾಕು ಮಾಡು ವನಜಾ. ಡಿಸ್ಕಿಗೆ ಎಣ್ಣೆ ಹಚ್ಚಿದ್ದು ನಾನು. ಹಬ್ಬಕ್ಕೆ ಹೊಳೀಲಿ ಅಂತ. ಅದಕ್ಕೇ ಬ್ರೇಕ್ ಜಾರಿದ್ದು.”

ಅವಳು ಕಣ್ಣು ಕಿರಿದು ಮಾಡಿದಳು. “ಮತ್ತೆ ಇವನ ಮೇಲೆ ಯಾಕೆ ಹಾಕಿದ್ರಿ?”

“ನಿನ್ನ ಮುಂದೆ ಮರ್ಯಾದೆ ಹೋಗುತ್ತೆ ಅಂತ.”

“ಈಗ ಉಳೀತಾ?”

ಅವನ ಕಣ್ಣಲ್ಲಿ ನೀರು ತುಂಬಿತು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. “ತಪ್ಪಾಯ್ತು ರಾಜು,” ಅಂತ ಹುಡುಗನ ಕೈ ಹಿಡಿದ.

“ಬುಡಿ ಭಾವ,” ಅಂದ ಚಿಕ್ಕರಾಜು, ಡಿಸ್ಕ್ ತೊಳೆದು ಹೊಸ ಪ್ಯಾಡು ಕೂರಿಸುತ್ತಾ. “ಇದು ಹೊಂದ್ಕೊಳ್ಳೋಗಂಟ ಮೆಲ್ಲಗೆ ಓಡ್ಸಿ.”

ವನಜಾಕ್ಷಿ ನಡೆದುಹೋಗಿ ದೂರದಲ್ಲಿ, ಖಾಲಿ ರಸ್ತೆಯ ನಡುಮಧ್ಯೆ ನಿಂತಳು. “ಬನ್ನಿ! ನನ್ ಹತ್ರ ಬಂದು ನಿಲ್ಸಿ, ನೋಡೋಣ!”

ಅನಿಲ್ ಹೊರಟ. ಗಾಳಿಗೆ ಹಾರುವ ಅವಳ ಮುಂಗುರುಳು, ತರಚಿದ ಮೊಣಕೈ, ಅಲುಗದ ದೃಷ್ಟಿ. ಅರ್ಧ ದಾರಿಯಲ್ಲೇ ಬ್ರೇಕ್ ಹಿಡಿದ. ಗಾಡಿ ಗಕ್ಕನೆ ನಿಂತಿತು.

“ಅಷ್ಟ್ ದೂರ ಯಾಕೆ ನಿಲ್ಸಿದ್ರಿ? ಬ್ರೇಕ್ ಮೇಲೆ ನಂಬಿಕೆ ಇಲ್ವಾ?”

“ಇದೆ! ನನಗೇ ಭಯ ಆಯ್ತು!”

ಅವಳು ತಾನೇ ನಡೆದು ಬಂದು ಹಿಂದಿನ ಸೀಟು ಹತ್ತಿ, ಅವನ ಭುಜದ ಮೇಲೆ ಕೈಯಿಟ್ಟಳು.

“ಕೋಪ ಇನ್ನೂ ಹೋಗಿಲ್ಲ ನಂಗೆ.”

“ಆದ್ರೂ ಹತ್ತಿದೆಯಲ್ಲ?”

“ಇಳೀಲಾ?”

“ಬೇಡ ಕಣೆ,” ಅಂದ. ಮೆಲ್ಲಗೆ ಗಾಡಿ ಹೊರಡಿಸಿದ.