ಮೊದಲಿದ್ದ ಹಾಗೇ

ನನ್ನ ಕೋಣೆಯಲ್ಲಿ ಪರಿಚಯವಿಲ್ಲದ ಗಂಡಸೊಬ್ಬ ನನ್ನ ಕುರ್ಚಿ ಹತ್ತಿ ನಿಂತು ನನ್ನ ಕಿಟಕಿ ಪರದೆಯ ಫೋಟೋ ತೆಗೆಯುತ್ತಿದ್ದ. ಕಿರುಚಬೇಕಿತ್ತು. ಆದರೆ ಕಿರುಚಲು ನನಗೆ ಗಂಟಲೇ ಉಳಿದಿರಲಿಲ್ಲ.

ನನ್ನದು ಡಬ್ಬಿಂಗ್ ಕೆಲಸ. ತೆರೆಯ ಮೇಲೆ ನಾಯಕಿ ಬಾಯಿ ಆಡಿಸುತ್ತಾಳೆ, ಧ್ವನಿ ನನ್ನದು. ಅಂದಿನ ನಾಯಕಿಯ ಬೆನ್ನಿಗೆ ದೆವ್ವ ಬಿದ್ದಿತ್ತು. ಅವಳ ಪಾಲಿನ ಕಿರುಚಾಟವನ್ನೆಲ್ಲ ಕಿರುಚಿ ಮುಗಿಸಿ ಡಾಕ್ಟರ ಬಳಿ ಹೋದರೆ, ಅವರು ಎರಡು ದಿನ ತುಟಿ ಪಿಟಕ್ಕೆನ್ನಬಾರದು ಎಂದು ಗದರಿಸಿ ಕಳಿಸಿದ್ದರು. ಹಾಗಾಗಿ ಕೈಗೆ ಸಿಕ್ಕ ದಿಂಬನ್ನು ಅವನತ್ತ ಬೀಸಿದೆ.

ದಿಂಬು ಬೆನ್ನಿಗೆ ಬಡಿಯಿತು. ಅವನು ಇಳಿದು ಮೊದಲು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿದ. ಆಮೇಲೆ ದಿಂಬನ್ನು ಎತ್ತಿಕೊಂಡು, ಫೋನಿನಲ್ಲಿ ಏನನ್ನೋ ನೋಡಿ, ಮಂಚದ ಮೇಲೆ ಅದು ಮೊದಲು ಎಷ್ಟು ಸೊಟ್ಟಗಿತ್ತೋ ಅಷ್ಟೇ ಸೊಟ್ಟಗೆ ಇಟ್ಟ.

"ಶೂಟಿಂಗಿಗೆ ಅಮ್ಮಾವ್ರು ಒಪ್ಪಿದ್ದಾರೆ ಮೇಡಂ. ನಾನು ಆರ್ಟ್ ಡಿಪಾರ್ಟ್‌ಮೆಂಟು. ಮುಗಿದ ಮೇಲೆ ಎಲ್ಲಾ ಮೊದಲಿದ್ದ ಹಾಗೇ ಮಾಡಿಕೊಡ್ತೀನಿ."

ನಾನು ಗಂಟಲು ಮುಟ್ಟಿ ತೋರಿಸಿ, ಕೈ ಅಲ್ಲಾಡಿಸಿ, ಬಾಗಿಲು ತೋರಿಸಿದೆ. ಅವನ ಮುಖ ಮೆತ್ತಗಾಯಿತು. ನನಗೆ ಮಾತು ಬರುವುದಿಲ್ಲ ಎಂದುಕೊಂಡುಬಿಟ್ಟ.

ಎರಡು ದಿನ ಅವನದು ಬರೀ ಕೈಸನ್ನೆ. ಬೀರು ಸರಿಸಬಹುದೇ ಎಂದು ಕೇಳಲು ಗಾಳಿಯನ್ನು ತಬ್ಬಿಕೊಂಡು ಅಡ್ಡಡ್ಡ ನಡೆದ. ಗೋಡೆಗೆ ಯಾವ ಬಣ್ಣ ಹಚ್ಚುತ್ತಾರೆ ಎಂದು ಹೇಳಲು ಅಡುಗೆಮನೆಯಿಂದ ಬದನೆಕಾಯಿ ತಂದು ತೋರಿಸಿದ. ಅಮ್ಮ ಒಳಗೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳೇ ಹೊರತು ಗುಟ್ಟು ಬಿಟ್ಟುಕೊಡಲಿಲ್ಲ.

ಮೂರನೆಯ ದಿನ ಅವನು ಸ್ಟೂಲಿನ ಮೇಲೆ ನಿಂತಿದ್ದಾಗ ಹೇಳಿದೆ. "ಅದು ಎಡಗಡೆ ಪರದೆ. ನೀವು ಬಲಗಡೆ ಹಾಕ್ತಿದೀರಿ."

ಸ್ಟೂಲು ವಾಲಿತು. ಹೇಗೋ ಕಿಟಕಿ ಸರಳು ಹಿಡಿದು ನಿಂತ.

"ನಿಮಗೆ ಮಾತು ಬರುತ್ತಾ!"

"ಬರುತ್ತೆ. ನನ್ನ ಹೊಟ್ಟೆಪಾಡೇ ಅದು."

"ಹಾಗಾದ್ರೆ ಎರಡು ದಿನ ನಾನು ಮಂಗನ ಥರ ಕುಣಿದಿದ್ದು?"

"ಚೆನ್ನಾಗಿತ್ತು. ಬದನೆಕಾಯಿ ಇನ್ನೂ ಚೆನ್ನಾಗಿತ್ತು."

ಅವನ ಕಿವಿ ಕೆಂಪಾಯಿತು. ಮುಖ ಸಪ್ಪಗೇ ಇತ್ತು, ಕಿವಿ ಮಾತ್ರ ಕೆಂಪು. ಆ ಕಿವಿಯನ್ನು ಅಂದು ಸ್ವಲ್ಪ ಜಾಸ್ತಿಯೇ ನೋಡಿದೆ.

ಅಮ್ಮ ಅವನಿಗೆ 'ಫೋಟೋ ಮಹಾಶಯ' ಎಂದು ಹೆಸರಿಟ್ಟಳು.

ಇಲ್ಲಿ ಸಿನಿಮಾ ತೆಗೆದರೆ ಖರ್ಚಿನಲ್ಲೊಂದು ಪಾಲು ವಾಪಸ್ ಕೊಡುತ್ತೇವೆ ಎಂದು ನಮ್ಮ ರಾಜ್ಯದ ಸರ್ಕಾರ ಘೋಷಿಸಿದ ಮೇಲೆ ಶುರುವಾದ ಗಲಾಟೆ ಇದು. ಮೊದಲ ತಂಡ ಬಂದಾಗ ಊರಿಗೆ ಊರೇ ಬಾಯಿ ಬಿಟ್ಟುಕೊಂಡು ನೋಡಿತ್ತು. ಈಗ ವ್ಯಾನುಗಳು ಕಂಡರೆ ಜನ ಬೈದುಕೊಂಡು ಬೇರೆ ರಸ್ತೆ ಹಿಡಿಯುತ್ತಾರೆ. ದಾರದ ಗಿರಣಿ ಈಗ ಸ್ಟುಡಿಯೋ. ಮೂಲೆಮನೆ ದರ್ಜಿ ಕಾಸ್ಟ್ಯೂಮಿನವನಾಗಿ, ನಮ್ಮ ರವಿಕೆ ಹೊಲಿಯಲು ಪುರುಸೊತ್ತಿಲ್ಲ ಎನ್ನುತ್ತಾನೆ. ಸೈಕಲ್ ಕಳೆದುಕೊಂಡ ಯಾರೋ ಒಬ್ಬರು ನಮ್ಮ ಬೀದಿಯ ಪೊಲೀಸ್ ಠಾಣೆಗೆ ದೂರು ಕೊಡಲು ಹೋಗಿ, ಕೈಕಟ್ಟಿ ನಿಂತು ಎಲ್ಲಾ ವರದಿ ಒಪ್ಪಿಸಿದ ಮೇಲೆ ಅದು ಪ್ಲೈವುಡ್ಡಿನ ಠಾಣೆ ಎಂದು ಗೊತ್ತಾಯಿತು. ಇನ್ಸ್‌ಪೆಕ್ಟರ್ ವೇಷದವನು ಪಾಪ, ಪೂರ್ತಿ ಕೇಳಿಸಿಕೊಂಡಿದ್ದನಂತೆ.

ನಮ್ಮ ಮನೆಗೆ ಮಧ್ಯಾಹ್ನದ ಬೆಳಕು ಚೆನ್ನಾಗಿ ಬೀಳುತ್ತದೆ. ಅದೇ ನಮಗೆ ಮುಳುವಾಯಿತು. ನಮ್ಮ ಮನೆ ಡಾಕ್ಟರ ಮನೆಯಾಯಿತು, ಕೊಲೆಗಾರನ ಮನೆಯಾಯಿತು, ಇಬ್ಬರು ನಾಯಕಿಯರ ತವರಾಯಿತು. ಅಪ್ಪ ಹೋದ ಮೇಲೆ ಮನೆ ಖಾಲಿ ಖಾಲಿ ಅನ್ನಿಸುತ್ತಿದೆ, ನಾಲ್ಕು ಜನ ಓಡಾಡಿಕೊಂಡಿರಲಿ ಎಂದು ಅಮ್ಮ ಒಪ್ಪಿದ್ದಳು. ನಾಲ್ಕು ಜನ ಅಲ್ಲ, ದಂಡೇ ಬಂತು. 'ಸೈಲೆನ್ಸ್!' ಎಂದು ಕೂಗಿದರೆ ಅಮ್ಮ ಕುಕ್ಕರ್ ಆರಿಸುತ್ತಿದ್ದಳು. ಸೀನು ಬಂದರೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು.

ಪ್ರತಿ ಸಲ ಶೂಟಿಂಗಿನ ಮೊದಲು ಫೋಟೋ ಮಹಾಶಯ ಬಂದು ಮನೆಯ ಮೂಲೆಮೂಲೆಯ ಫೋಟೋ ತೆಗೆಯುತ್ತಿದ್ದ. ಮುಗಿದ ಮೇಲೆ ಆ ಫೋಟೋ ನೋಡಿಕೊಂಡು ಒಂದೊಂದೇ ಸಾಮಾನನ್ನು ಅದರದರ ಜಾಗಕ್ಕೆ ಸೇರಿಸುತ್ತಿದ್ದ. ಅಮ್ಮನ ಕನ್ನಡಕದ ಡಬ್ಬಿ ರೇಡಿಯೋ ಪಕ್ಕ, ಬಾಯಿ ತೆರೆದುಕೊಂಡೇ. ನಾನು ಅರ್ಧ ಓದಿಟ್ಟ ಪುಸ್ತಕ, ಅದೇ ಪುಟಕ್ಕೆ.

"ಬೇಜಾರಾಗಲ್ವಾ ನಿಮಗೆ?" ಎಂದು ಒಮ್ಮೆ ಕೇಳಿದ್ದೆ. ಇಬ್ಬರೂ ಹಿತ್ತಿಲ ಮೆಟ್ಟಿಲ ಮೇಲೆ ಚಹಾ ಲೋಟ ಹಿಡಿದು ಕೂತಿದ್ದೆವು. ಅವನ ಉಗುರುಗಳಲ್ಲಿ ಬದನೆಕಾಯಿ ಬಣ್ಣ ಇನ್ನೂ ಇತ್ತು.

"ಬೇಜಾರಲ್ಲ, ಸುಸ್ತು. ನನ್ನ ಕೆಲಸ ಸರಿಯಾಗಿ ಆಯ್ತು ಅಂದ್ರೆ ನಾನು ಬಂದುಹೋಗಿದ್ದೇ ಯಾರಿಗೂ ಗೊತ್ತಾಗಬಾರದು."

"ನನ್ನದೂ ಅಷ್ಟೇ. ಇದು ಇನ್ಯಾರದೋ ಧ್ವನಿ ಅಂತ ಅನ್ನಿಸಿದ್ರೆ ನನ್ನ ಕೆಲಸ ಕೆಟ್ಟಿತು ಅಂತ ಅರ್ಥ."

ಅವನು ನನ್ನತ್ತ ತಿರುಗಿದ. ಮುಖ ನೋಡಲಿಲ್ಲ. ಲೋಟ ಸುತ್ತಿಕೊಂಡಿದ್ದ ನನ್ನ ಬೆರಳುಗಳನ್ನು ನೋಡಿದ. "ನನಗೆ ಗೊತ್ತಾಗುತ್ತೆ ಮೇಡಂ. ಮೊನ್ನೆ ಬಸ್ಸಲ್ಲಿ ಯಾವುದೋ ಸಿನಿಮಾ ಹಾಕಿದ್ರು. ನಾಯಕಿ ಅಳೋಕೆ ಶುರು ಮಾಡಿದಳು. ನನಗೆ ಎದ್ದು ಬಂದು ನಿಮಗೆ ನೀರು ಕೊಡೋಣ ಅನ್ನಿಸ್ತು."

ಅಷ್ಟು ಹೇಳಿ ಎದ್ದುಹೋದ. ಅಂದಿನಿಂದ ನನಗೆ ಅವನ ಹುಚ್ಚು ಹಿಡಿಯಿತು. ಮುಚ್ಚಿಡುವುದೇನಿದೆ. ಶೂಟಿಂಗ್ ಎಂದರೆ ತಲೆ ಸಿಡಿಯುತ್ತಿದ್ದವಳು, ಮುಂದಿನದು ಯಾವಾಗ ಎಂದು ಅಮ್ಮನ ಬಾಯಿಂದ ಹೊರಡಿಸಲು ನೋಡುತ್ತಿದ್ದೆ.

ಈ ಸಲದ ಶೂಟಿಂಗ್ ಮಧ್ಯದಲ್ಲಿ ಅಮ್ಮ ಅವನ ಎದುರಿಗೇ ಹೇಳಿಬಿಟ್ಟಳು. "ಇದೇ ಕೊನೆ ಕಣಪ್ಪಾ. ನನ್ನ ಮನೇಲಿ ನಾನೇ ಚಪ್ಪಲಿ ಕೈಯಲ್ಲಿ ಹಿಡ್ಕೊಂಡು ಓಡಾಡೋದು ಸಾಕಾಯ್ತು."

ಅವನು ತಲೆ ಆಡಿಸಿದ. "ಒಳ್ಳೇದಾಯ್ತು ಬಿಡಿ ಅಮ್ಮ. ನಾನೂ ಇನ್ನು ಈ ಕಡೆ ಬರೋದು ಅನುಮಾನ. ರಾಜ್ಯದ ಆ ತುದಿಯಲ್ಲಿ ಹೊಸ ಸ್ಟುಡಿಯೋ ಆಗ್ತಿದೆಯಲ್ಲ, ಅಲ್ಲಿಗೆ ಕರೆದಿದ್ದಾರೆ. ಅಲ್ಲಿ ಮನೆಗಳನ್ನೂ ನಾವೇ ಕಟ್ಟೋದು, ಮುಗಿದ ಮೇಲೆ ಕೆಡವೋದು. ಯಾರ ಮನೆಯನ್ನೂ ಮೊದಲಿನ ಹಾಗೆ ಮಾಡಬೇಕಾಗಿಲ್ಲ. ಈ ಮನೆ ಒಪ್ಪಿಸಿ ಆ ದಿನವೇ ಲಾರಿ ಹತ್ತಬೇಕು."

ಹೇಳಿ ಒಂದು ಕ್ಷಣ ನನ್ನ ಕಡೆ ನೋಡಿದ. ನಾನು ಏನಾದರೂ ಅನ್ನಬಹುದೆಂದು ಕಾದ ಹಾಗಿತ್ತು. ನಾನು ಗೋಡೆ ನೋಡಿದೆ.

ಕೊನೆಯ ದಿನ ಮನೆಯಲ್ಲಿ ನಿಲ್ಲಲಾಗದೆ ಸ್ಟುಡಿಯೋಗೆ ಹೋದೆ. ಅಂದು ನನ್ನ ಪಾಲಿಗೆ ಬಂದದ್ದು ಏನು ಗೊತ್ತೇ? ನಾಯಕಿ ನಾಯಕನಿಗೆ ಪ್ರೀತಿ ಹೇಳಿಕೊಳ್ಳುವ ದೃಶ್ಯ. ಅವಳ ತುಟಿಗೆ ನನ್ನ ಧ್ವನಿ ಕೂರಲೇ ಇಲ್ಲ. "ಇನ್ನೊಮ್ಮೆ ಮೇಡಂ. ಸ್ವಲ್ಪ ಜೀವ ಇರಲಿ," ಎನ್ನುತ್ತಿದ್ದರು ಇಂಜಿನಿಯರ್. ನನ್ನ ಜೀವ ಬೇರೆ ಕಡೆ ಲಾರಿಗೆ ಸಾಮಾನು ತುಂಬುತ್ತಿತ್ತು. ಹೇಳಿದ್ದನ್ನೇ ಹೇಳಿ ಹೇಳಿ ಆ ಮಾತಿನ ರುಚಿಯೇ ಹೋಯಿತು. ನನ್ನ ಸರದಿ ಬಂದರೆ ಅವನಿಗೆ ಏನೆಂದು ಹೇಳಲಿ? ಇದ್ದಬದ್ದ ಮಾತನ್ನೆಲ್ಲ ಊರವರಿಗೆ ಹಂಚಿಬಿಟ್ಟಿದ್ದೇನೆ.

ಮಧ್ಯಾಹ್ನ ಮನೆಗೆ ಬಂದಾಗ ಗಂಟಲು ಅರ್ಧ ಕಟ್ಟಿತ್ತು. ಬೀದಿಯಲ್ಲಿ ಲಾರಿ ನಿಂತಿತ್ತು. ಮನೆ ನಮ್ಮ ಮನೆಯಾಗಿತ್ತು. ಕನ್ನಡಕದ ಡಬ್ಬಿ ಬಾಯಿ ತೆರೆದುಕೊಂಡಿತ್ತು. ನನ್ನ ಕೋಣೆಯಲ್ಲಿ ಬಡಗಿ ಕೊನೆಯ ಮೊಳೆ ಹೊಡೆಯುತ್ತಿದ್ದರು. ನನ್ನ ಕುರ್ಚಿಯ ಬೆನ್ನಿನ ಮೇಲೆ ಬೂದು ಬಣ್ಣದ ಸ್ವೆಟರೊಂದು ನೇತಾಡುತ್ತಿತ್ತು. ಒಂದು ತೋಳು ಒಳಮುಖವಾಗಿತ್ತು.

"ಇದು ನಮ್ಮದಲ್ಲ," ಎಂದೆ.

"ನಿಮ್ಮದೇ ಮೇಡಂ. ಫೋಟೋದಲ್ಲಿದೆ." ಬಡಗಿಗೆ ಸಂಶಯವೇ ಇರಲಿಲ್ಲ. "ಸಾಹೇಬ್ರು ಗೋಡೌನಿಗೆ ಹೋದ್ರು, ಫೋಟೋ ನಮಗೇ ಕಳಿಸಿದ್ರು. ಈ ಸ್ವೆಟರ್ ಲಾರಿಯಲ್ಲಿ ಬಿದ್ದಿತ್ತು. ಫೋಟೋ ನೋಡಿದ್ರೆ ಕುರ್ಚಿ ಮೇಲಿದೆ. ತಂದು ಹಾಗೇ ಹಾಕಿದ್ವಿ. ತೋಳೂ ಸೇಮ್."

ಫೋನು ಇಸಿದುಕೊಂಡು ನೋಡಿದೆ. ಹೌದು, ಈ ಸಲ ಶೂಟಿಂಗಿಗೆ ಮೊದಲು ತೆಗೆದ ಫೋಟೋ. ಮನೆಯೆಲ್ಲ ಸುತ್ತಿ ಫೋಟೋ ತೆಗೆಯುವಾಗ ಸೆಕೆಯಾಗಿ ಸ್ವೆಟರ್ ಬಿಚ್ಚಿ ಹಾಕಿದ್ದಾನೆ, ತೆಗೆಯಲು ಮರೆತಿದ್ದಾನೆ. ಪೆನ್ನಿನ ಮುಚ್ಚಳವನ್ನೂ ಮರೆಯದವನು! ಚಿತ್ರವನ್ನು ದೊಡ್ಡದು ಮಾಡಿದೆ. ಬೀರುವಿನ ಕನ್ನಡಿಯಲ್ಲಿ ಅವನೂ ಇದ್ದ. ಫೋನನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದ, ಕಣ್ಣು ಮಾತ್ರ ಫೋನಿನ ಮೇಲಿರಲಿಲ್ಲ. ಬಾಗಿಲ ಕಡೆ ತಿರುಗಿ ನಗುತ್ತಿದ್ದ. ಆ ಹೊತ್ತಿನಲ್ಲಿ ಬಾಗಿಲಲ್ಲಿ ನಿಂತು, ಬದನೆಕಾಯಿ ತರಲೇ ಎಂದು ರೇಗಿಸಿದವಳು ನಾನು.

ಅಮ್ಮ ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಹ್ಞೂಂ. ಇದನ್ನ ಕಾಣೋಕೆ ನನಗೆ ಕನ್ನಡಕ ಬೇಕಾಗಿರಲಿಲ್ಲ," ಎಂದು ಒಳಗೆ ಹೋದಳು.

ಅಷ್ಟರಲ್ಲಿ ಅವನು ಬಂದ. ಸೋತುಹೋಗಿದ್ದ. ತಲೆಗೂದಲಲ್ಲಿ ಮರದ ಹೊಟ್ಟು. ಕೈಚಾಚಿ ಮನೆಯ ಕೀಲಿಕೈ ಕೊಟ್ಟ.

"ಎಲ್ಲಾ ಮೊದಲಿದ್ದ ಹಾಗೇ ಇದೆಯಾ, ಒಮ್ಮೆ ನೋಡಿಬಿಡಿ ಮೇಡಂ." ಆಮೇಲೆ ಕುರ್ಚಿ ಕಂಡಿತು. "ಅಯ್ಯೋ, ಇದು ನಂದು. ಇಲ್ಲಿಗೆ ಹೇಗೆ ಬಂತು?"

ಅವನು ಸ್ವೆಟರಿಗೆ ಕೈಹಾಕಿದ. ಇನ್ನೊಂದು ತೋಳನ್ನು ನಾನು ಹಿಡಿದುಕೊಂಡೆ.

"ಬಿಡಿ. ಫೋಟೋದಲ್ಲಿದೆ."

"ಅದು ತಪ್ಪಿ ಬಂದಿರೋದು..."

"ಫೋಟೋದಲ್ಲಿ ಇದ್ದದ್ದೆಲ್ಲ ಮನೇಲಿರಬೇಕು ಅನ್ನೋದು ನಿಮ್ಮದೇ ಲೆಕ್ಕ. ಕನ್ನಡಿ ನೋಡಿ."

ಫೋನು ಅವನ ಮುಖದೆದುರು ಹಿಡಿದೆ. ನೋಡಿದ. ಕಿವಿ ನಿಧಾನವಾಗಿ ಕೆಂಪಾಗುತ್ತಾ ಬಂತು. ಸ್ವೆಟರಿನ ಒಂದು ತೋಳು ಅವನ ಕೈಯಲ್ಲಿ, ಒಂದು ನನ್ನ ಕೈಯಲ್ಲಿ. ಹೊರಗೆ ಲಾರಿಯ ಹಾರ್ನು ಬಡಿದುಕೊಳ್ಳುತ್ತಿತ್ತು.

"ನಾನು ಯಾವತ್ತೂ ಕನ್ನಡಿಯಲ್ಲಿ ಬೀಳಲ್ಲ," ಎಂದ ಮೆಲ್ಲಗೆ. "ಪಕ್ಕಕ್ಕೆ ನಿಂತು ತೆಗೀತೀನಿ. ಆ ದಿನ ನೀವು ನಗ್ತಾ ಇದ್ರಿ. ಎಲ್ಲಿ ನಿಂತಿದೀನಿ ಅನ್ನೋದೇ ಮರೆತೆ." ಕೈಯಲ್ಲಿದ್ದ ತೋಳಿನ ಅಂಚು ಮಡಚಿದ. "ಬಸ್ಸಲ್ಲಿ ಆ ಸಿನಿಮಾ ನೋಡಿದಾಗಿನಿಂದಲೇ ಮರೀತಿದೀನಿ. ನೀವಂದ್ರೆ ನಂಗೆ ತುಂಬಾ ಇಷ್ಟ. ಗೋಡೆಗಳಿಗೆಲ್ಲ ಹೇಳಿ ಆಗಿದೆ, ನಿಮಗೊಬ್ಬರಿಗೇ ಹೇಳಿರಲಿಲ್ಲ."

ನಾನು ಬಾಯಿ ತೆರೆದೆ. ಆ ನಾಯಕಿಯರ ಮಾತುಗಳೆಲ್ಲ ನಾಲಿಗೆಯ ತುದಿಗೆ ಬಂದವು, ಒಂದೂ ನನ್ನದು ಅನ್ನಿಸಲಿಲ್ಲ. ಕೊನೆಗೆ ಹೊರಟಿದ್ದು ಒಡಕು ಧ್ವನಿ. ಇಂಜಿನಿಯರ್ ಕೇಳಿದ್ದರೆ 'ಇನ್ನೊಮ್ಮೆ ಮೇಡಂ' ಎನ್ನುತ್ತಿದ್ದರು.

"ಹೋಗ್ಬೇಡಿ."

ಅವನು ಇನ್ನೊಮ್ಮೆ ಹೇಳಿಸಲಿಲ್ಲ. ಕಿಟಕಿಯ ಬಳಿ ಹೋಗಿ ಲಾರಿಯವನಿಗೆ ಕೂಗಿದ. "ನೀವು ಹೊರಡಿ! ಇಲ್ಲಿ ನನ್ನ ಕೆಲಸ ಬಾಕಿ ಇದೆ. ಅಲ್ಲಿ ಬೇರೆಯವರನ್ನ ನೋಡ್ಕೊಳ್ಳಲಿ, ನಾನು ಫೋನ್ ಮಾಡಿ ಹೇಳ್ತೀನಿ."

ಬಡಗಿ ಸುತ್ತಿಗೆ ಎತ್ತಿಕೊಂಡು, ಏನೂ ಕಾಣದವರಂತೆ ಹೊರಟುಹೋದರು. ಲಾರಿ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಅವನು ಕುರ್ಚಿಯನ್ನು ಕರ್ಚೀಫಿನಿಂದ ಒರೆಸಿ ಕೂತ. ನಾನು ಮಂಚದ ತುದಿಯಲ್ಲಿ ಕೂತೆ. ಇಬ್ಬರಿಗೂ ವರ್ಷಗಟ್ಟಲೆಯ ದಣಿವು ಒಟ್ಟಿಗೇ ಬಂದ ಹಾಗಿತ್ತು. ಸ್ವೆಟರ್ ಅವನ ಬೆನ್ನ ಹಿಂದೆ ಇದ್ದಲ್ಲೇ ಇತ್ತು.

"ಉಳಿದಿದ್ದು ನಾಳೆ ಹೇಳ್ತೀನಿ," ಎಂದೆ, ಗಂಟಲು ತೋರಿಸಿ.

ಅವನು ಅವಸರವಿಲ್ಲ ಎಂದು ಕೈಸನ್ನೆ ಮಾಡಿ, ಎದ್ದುಹೋಗಿ ನನಗೆ ಒಂದು ಲೋಟ ಬಿಸಿನೀರು ತಂದುಕೊಟ್ಟ.